ಮುಳುಗಿದ ಹಡಗುಗಳು ಗುಜರಿ ಸೇರುವ ಮುನ್ನ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಕರ್ನಾಟಕ ಸರ್ಕಾರ
ಮಾನ್ಯ ಕುಲಪತಿಗಳು, ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ

ವಿಷಯ: ನಮ್ಮ ಕರಾವಳಿಯಲ್ಲಿ ಮುಳುಗಿರುವ ಹಡಗುಗಳ ದಾಖಲೆಯನ್ನು ಧಾರವಾಡದಲ್ಲಿ ಆರಂಭಿಸುವ ಕುರಿತು

ಮಾನ್ಯರೇ,

ನಾನು ಗದಗ ಜಿಲ್ಲೆಯ ಹಳ್ಳಿಯೊಂದರವನು, ವೃತ್ತಿಯಿಂದ ಡೈವರ್. ಮುಂಬೈ ಹೈ ತೈಲ ಬಾವಿಗಳ ಬುಡದಲ್ಲಿ ಪೈಪು ತಪಾಸಣೆ, ಬೆಸುಗೆ ಕೆಲಸದಿಂದ ಶುರುಮಾಡಿದೆ. ಆಮೇಲಿನ ವರ್ಷಗಳು ಹೆಚ್ಚಾಗಿ ಸಮುದ್ರದ ತಳದಲ್ಲಿ ಬಿದ್ದಿರುವ ಹಡಗುಗಳನ್ನು ಹುಡುಕಿ, ಅಳೆದು, ಚಿತ್ರ ತೆಗೆದು ದಾಖಲಿಸುವ ತಂಡಗಳ ಜೊತೆ ಕಳೆದವು. ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿರುವುದು ಏಕೆಂದರೆ, ನಾನು ಕೇಳುವ ಕೆಲಸ ಇಲಾಖೆಯೊಂದರಿಂದಲೂ ಆಗದು, ವಿಶ್ವವಿದ್ಯಾಲಯವೊಂದರಿಂದಲೂ ಆಗದು. ಬಹಿರಂಗವಾಗಿ ಬರೆಯುತ್ತಿರುವುದು, ಇದನ್ನು ಕರಾವಳಿಯ ಮೀನುಗಾರರೂ ಹುಬ್ಬಳ್ಳಿಯ ಗುಜರಿ ವ್ಯಾಪಾರಿಗಳೂ ಓದಲಿ ಎಂದು.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕದಲ್ಲಿ ತಾಮ್ರದ ತಗಡುಗಳ ಒಂದು ಹೊರೆ ಬಿದ್ದಿತ್ತು. ಒಂದೊಂದೂ ಸುಮಾರು ನಾಲ್ಕಡಿ ಉದ್ದ, ಒಂದಡಿಗಿಂತ ತುಸು ಹೆಚ್ಚು ಅಗಲ. ಹಸಿರು ಕಿಲುಬು ಹಿಡಿದಿದ್ದವು. ಅಂಚಿನುದ್ದಕ್ಕೂ ಸಾಲಾಗಿ ಮೊಳೆ ತೂತುಗಳು, ಅಲ್ಲಲ್ಲಿ ಸಮುದ್ರದ ಚಿಪ್ಪು ಕಚ್ಚಿ ಹಿಡಿದಿದ್ದ ಬಿಳಿ ಉಂಗುರದ ಗುರುತು. ಒಂದು ತಗಡಿನ ಮೂಲೆಯಲ್ಲಿ ತಯಾರಕರ ಮುದ್ರೆಯ ಅರ್ಧ ವೃತ್ತ ಉಳಿದಿತ್ತು, ಅಕ್ಷರ ಸವೆದಿದ್ದವು. ಈ ಕೆಲಸ ಬಲ್ಲ ಯಾರಿಗಾದರೂ ನೋಡಿದ ತಕ್ಷಣ ತಿಳಿಯುತ್ತದೆ, ಅದು ಮರದ ಹಡಗಿನ ಹೊಟ್ಟೆಗೆ ಹೊದಿಸಿದ್ದ ತಗಡು ಎಂದು. ಬಿಸಿ ಸಮುದ್ರದಲ್ಲಿ ಮರವನ್ನು ಕೊರೆಯುವ ಹುಳುವಿನಿಂದ ಹಡಗನ್ನು ಕಾಪಾಡಲು ಹದಿನೆಂಟನೇ ಶತಮಾನದ ಕೊನೆಯಿಂದ ಹಡಗುಗಳಿಗೆ ತಾಮ್ರ ಹೊದಿಸುತ್ತಿದ್ದರು. 1832ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮುಂಟ್ಜ್ ಎಂಬಾತ ತಾಮ್ರಕ್ಕೆ ಸತು ಬೆರೆಸಿದ ಅಗ್ಗದ ಲೋಹಕ್ಕೆ ಪೇಟೆಂಟ್ ಪಡೆದ ಮೇಲೆ ಅದೇ ಎಲ್ಲೆಡೆ ಹಬ್ಬಿತು. ತಗಡಿನ ಲೋಹ ಯಾವುದು, ಮುದ್ರೆ ಯಾರದ್ದು ಎಂದು ನೋಡಿ ಹಡಗಿನ ಕಾಲವನ್ನು ಕೆಲವು ದಶಕಗಳ ಒಳಗೆ ಗುರುತಿಸಬಹುದು. ಆದರೆ ಹಡಗು ಎಲ್ಲಿ ಬಿದ್ದಿತ್ತು ಎಂದು ಗೊತ್ತಿರಬೇಕು. ಅಂಗಡಿಯವರನ್ನು ಕೇಳಿದೆ. "ಕಾರವಾರ ಕಡೆಯಿಂದ ಲಾರ್ಯಾಗ ಬಂದದ್ರೀ ಸರ. ತಾಮ್ರ ಯಾವ ಊರಿಂದಾದ್ರ ಏನ್ರೀ, ತೂಕ ಒಂದ ಅಲ್ಲೇನ್ರೀ?" ಅಂದರು. ಅವರದೇನೂ ತಪ್ಪಿಲ್ಲ, ಕಾಗದ ನೋಡಿ, ಕಾಸು ಕೊಟ್ಟು ಕೊಂಡ ಮಾಲು. ಮತ್ತೆ ಹೋಗುವಷ್ಟರಲ್ಲಿ ಅದು ಕುಲುಮೆಗೆ ಹೋಗಿತ್ತು.

ಇದನ್ನು ಯಾರಿಗೆ ತಿಳಿಸಬೇಕು ಎಂದು ವಿಚಾರಿಸುತ್ತ ಹೋದೆ. ಒಂದು ಕಚೇರಿಯಲ್ಲಿ "ಏನ್ರೀ ಸರ, ಹುಬ್ಬಳ್ಯಾಗ ಕುಂತು ಸಮುದ್ರದ ಅರ್ಜಿ ಕೊಡಾಕ ಬಂದೀರಲ್ಲ?" ಎಂದರು. ಘಟ್ಟದ ಕೆಳಗಿನ ಇನ್ನೊಂದು ಕಚೇರಿಯಲ್ಲಿ, ಮೀನಿನ ವಿಷಯವಿದ್ದರೆ ನಮ್ಮದು, ಹಳೆಯ ವಸ್ತು ನಮ್ಮದಲ್ಲ ಎಂದರು. ಅವು ಯಾವ ಕಚೇರಿಗಳೆಂದು ಬರೆಯುವುದಿಲ್ಲ. ಅವು ನಿಮ್ಮವಲ್ಲ; ನಿಮ್ಮಿಬ್ಬರ ಮುಂದೆ ಈ ವಿಷಯ ಇಡುತ್ತಿರುವುದು ಇದೇ ಮೊದಲು. ಆದರೆ ಆ ಪ್ರಶ್ನೆಗೆ, ಹುಬ್ಬಳ್ಳಿ ಧಾರವಾಡಕ್ಕೂ ಸಮುದ್ರಕ್ಕೂ ಏನು ಸಂಬಂಧ ಎನ್ನುವುದಕ್ಕೆ, ಉತ್ತರ ಕೊಡದೆ ಮುಂದೆ ಹೋಗಲಾರೆ. ಈ ಮಾತು ಬರೀ ಗುಮಾಸ್ತರದ್ದಲ್ಲ, ನಮ್ಮ ಸೀಮೆಯ ಓದಿದವರ ಬಾಯಲ್ಲೂ ಕೇಳಿದ್ದೇನೆ.

ಧಾರವಾಡದ ಮಗ್ಗುಲಲ್ಲೇ ಇರುವ ನರೇಂದ್ರ ಗ್ರಾಮದ ಶಾಸನವನ್ನು ಕುಲಪತಿಗಳೇ, ನಿಮ್ಮ ಶಾಸನಶಾಸ್ತ್ರ ವಿಭಾಗದವರು ಚೆನ್ನಾಗಿ ಬಲ್ಲರು. 12ನೇ ಶತಮಾನದ್ದು, ಗೋವೆಯ ಕದಂಬರ ಜಯಕೇಶಿಯ ಕಾಲದ್ದು. ಅವನ ಪೂರ್ವಜ ಚಟ್ಟಯದೇವನನ್ನು ಹೊಗಳುತ್ತ, ಹಡಗುಗಳ ಸಾಲನ್ನೇ ಸೇತುವೆ ಮಾಡಿ ಲಂಕೆಯವರೆಗೆ ಚಾಚಿದವನು ಎಂದು ಅದು ವರ್ಣಿಸುತ್ತದೆ. ಕವಿ ಉತ್ಪ್ರೇಕ್ಷೆ ಮಾಡಿದ್ದಾನೆ, ನಿಜ. ಆದರೆ ಎರೆಹೊಲಗಳ ನಡುವಿನ ಕಲ್ಲಿನ ಮೇಲೆ ಹಡಗಿನ ಹೊಗಳಿಕೆ ಕೊರೆಸಿದ ಜನರಿಗೆ ಸಮುದ್ರ ದೂರದ ಸುದ್ದಿಯಾಗಿರಲಿಲ್ಲ. ಗೋವೆಯಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ. ನಮ್ಮ ಕಡೆ ಊರೂರಲ್ಲಿ ತುರುಗೊಳ್ ಕಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಬಿದ್ದವರ ಕಲ್ಲುಗಳಿರುವಂತೆ, ಅಲ್ಲಿನ ಕೆಲವು ಕಲ್ಲುಗಳ ಮೇಲೆ ಹಡಗಿನ ಕಾಳಗವಿದೆ. ಮುಂದೆ ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಇಳಿದದ್ದು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ.

ತೀರ ಹತ್ತಿರದ ಸಂಬಂಧ ಹತ್ತಿಯದ್ದು. ಧಾರವಾಡ, ಹುಬ್ಬಳ್ಳಿ, ಗದಗದ ಎರೆಭೂಮಿಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಮಚವೆ, ಪತ್ತೇಮಾರಿ ಎಂಬ ಹಾಯಿ ಹಡಗುಗಳಲ್ಲಿ ಮುಂಬೈಗೆ, ಮುಂಬೈಯಿಂದ ಲಿವರ್‌ಪೂಲಿಗೆ. ಹತ್ತಿ ಬೆಳೆಯದ ಕುಮಟಾದ ಹೆಸರೇ ಪೇಟೆಯಲ್ಲಿ ನಮ್ಮ ಹತ್ತಿಗೆ ಅಂಟಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲಿವರ್‌ಪೂಲಿಗೆ ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಯ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂಬ ಒತ್ತಡವಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, ಮಾಲು ಮರ್ಮಗೋವಾ ಕಡೆ ತಿರುಗಿದ ಮೇಲೆ ಆ ಬಂದರುಗಳು ಸೊರಗಿದವು. ಅಷ್ಟು ವರ್ಷಗಳ ಸಾಗಾಟದಲ್ಲಿ ಬಿರುಗಾಳಿಗೆ ಸಿಕ್ಕು, ಬಂಡೆಗೆ ಬಡಿದು ತಳ ಸೇರಿದ ಹಡಗುಗಳು ಇದ್ದೇ ಇರುತ್ತವೆ. ಅದರೊಳಗಿದ್ದದ್ದು ನಮ್ಮ ಅಜ್ಜ ಮುತ್ತಜ್ಜಂದಿರ ಬೆಳೆ. ಆ ಹಡಗುಗಳ ಹೆಸರು ಹಳೆಯ ಮುಂಬೈ ಪತ್ರಿಕೆಗಳಲ್ಲಿ, ಬಂದರಿನ ಕಡತಗಳಲ್ಲಿ, ವಿಮೆಯ ಕಾಗದಗಳಲ್ಲಿ ಹುಡುಕಬೇಕಾದವು. ಅದು ಡೈವರನ ಕೆಲಸವಲ್ಲ, ಇತಿಹಾಸ ಓದಿದವರ ಕೆಲಸ. ಅದಕ್ಕೆ ಧಾರವಾಡಕ್ಕಿಂತ ತಕ್ಕ ಊರು ನನಗೆ ಕಾಣುವುದಿಲ್ಲ.

ಹಡಗು ದಾಖಲಿಸುವುದೆಂದರೆ ನಿಧಿ ಹುಡುಕುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಊರಿಗೆ ಹೋದಾಗಲೆಲ್ಲ ಹಿರಿಯರು "ಬಂಗಾರ ಏನರ ಸಿಕ್ತೇನಪಾ?" ಎಂದು ಕೇಳುತ್ತಾರೆ. ಅವರ ಮಾತು ಬಿಡಿ, ಅಧಿಕಾರಿಗಳೂ ಹಾಗೇ ತಿಳಿದರೆ ಕೆಲಸ ಕೆಡುತ್ತದೆ. ಆದ್ದರಿಂದ ನಾವು ಕೆಳಗೆ ಏನು ಮಾಡುತ್ತೇವೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬೋಟಿನ ಹಿಂದೆ ಶಬ್ದದ ಅಲೆ ಬಿಟ್ಟು ತಳ ನೋಡುವ ಸೋನಾರ್ ಯಂತ್ರ ಎಳೆದುಕೊಂಡು ಹೋಗಿ ತಳದ ನೆರಳು ಚಿತ್ರ ತೆಗೆಯುತ್ತೇವೆ. ಅನುಮಾನ ಬಂದ ಕಡೆ ಇಳಿಯುತ್ತೇವೆ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 50 ಮೀಟರಿನಲ್ಲಿ ಮೈಮೇಲೆ ಇರುವುದು ದಡದ ಆರು ಪಟ್ಟು. ಅಲ್ಲಿ ಮಾಮೂಲಿ ಗಾಳಿ ಉಸಿರಾಡಿದರೆ ಅದರಲ್ಲಿನ ನೈಟ್ರೋಜನ್ ಅಮಲು ಏರಿಸುತ್ತದೆ, ಬರೆದ ಅಂಕಿಯನ್ನೇ ಮತ್ತೆ ಬರೆಯುವಂತಾಗುತ್ತದೆ. ಅದಕ್ಕೆ ಹೀಲಿಯಂ ಬೆರೆಸಿದ ಅನಿಲ ಬಳಸುತ್ತೇವೆ. ತಳದಲ್ಲಿ ಅರ್ಧ ಗಂಟೆ ಕೆಲಸ ಮಾಡಿದರೆ ಮೇಲೆ ಬರುವಾಗ ಅಲ್ಲಲ್ಲಿ ತಂಗುತ್ತ ಅದಕ್ಕಿಂತ ಹೆಚ್ಚು ಹೊತ್ತು ಕಳೆಯಬೇಕು. ಅವಸರ ಮಾಡಿದರೆ ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಕೀಲು, ನರ ಹಿಡಿಯುತ್ತದೆ, ಪ್ರಾಣವೂ ಹೋಗುತ್ತದೆ. ಹೀಗೆ ಸಿಕ್ಕುವ ಅರ್ಧ ಗಂಟೆಯಲ್ಲಿ ನಾವು ಟೇಪು ಹಿಡಿದು ಅಳೆಯುತ್ತೇವೆ, ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತೇವೆ, ಅಳತೆ ಪಟ್ಟಿ ಇಟ್ಟು ಹಡಗಿನ ಮೇಲೆ ಹೊಲಕ್ಕೆ ಕೂರಿಗೆ ಹೊಡೆದಂತೆ ಸಾಲು ಬಿಡದೆ ಅತ್ತ ಇತ್ತ ಈಜುತ್ತ ಚಿತ್ರ ತೆಗೆಯುತ್ತೇವೆ. ಪ್ರತಿ ಚಿತ್ರವೂ ಪಕ್ಕದ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮತ್ತೆ ಹಿಡಿದಿರಬೇಕು. ಆಮೇಲೆ ದಡದಲ್ಲಿ ಕಂಪ್ಯೂಟರ್ ಆ ಸಾವಿರಾರು ಚಿತ್ರಗಳನ್ನು ಕೂಡಿಸಿ ಹಡಗಿನ ಮೂರು ಆಯಾಮದ ರೂಪ ಕಟ್ಟುತ್ತದೆ. ವಸ್ತು ಇದ್ದಲ್ಲೇ ಇರುತ್ತದೆ. ತೆಗೆಯಬೇಡವೆಂಬ ನಿಯಮಕ್ಕೆ ಗಟ್ಟಿ ಕಾರಣವಿದೆ: ಉಪ್ಪು ಹೀರಿಕೊಂಡ ಕಬ್ಬಿಣ ಗಾಳಿಗೆ ಬಂದರೆ ಸರಿಯಾದ ಉಪಚಾರವಿಲ್ಲದೆ ಪದರು ಪದರಾಗಿ ಉದುರುತ್ತದೆ. ಸ್ವೀಡನ್ನಿನಲ್ಲಿ 1628ರಲ್ಲಿ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಎತ್ತಿದ ಮೇಲೆ ಅದರ ಮರ ಬಿರಿಯದಂತೆ ಕಾಪಾಡಲು ಹದಿನೇಳು ವರ್ಷ ರಾಸಾಯನಿಕ ಸಿಂಪಡಿಸಬೇಕಾಯಿತು.

ಆ ವಾಸಾ ಉಳಿದದ್ದಕ್ಕೆ ಇನ್ನೊಂದು ಕಾರಣ, ಅದು ಮುಳುಗಿದ್ದ ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. ನಮ್ಮ ಅರಬ್ಬಿ ಸಮುದ್ರ ಹಾಗಲ್ಲ. ಇಲ್ಲಿನ ತಳದಲ್ಲಿ ನಾನು ಮುಟ್ಟಿ ನೋಡಿದ ಹಲಗೆ ಮೇಲಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು. ಬೆರಳು ಒತ್ತಿದರೆ ಕುಸಿಯಿತು. ಒಳಗೆಲ್ಲ ಸುಣ್ಣದ ಗೋಡೆಯ ಸಣ್ಣ ಕೊಳವೆಗಳು, ನಡುವೆ ಹಾಳೆಯಷ್ಟು ತೆಳು ಮರ. ನಮ್ಮಲ್ಲಿ ಉಳಿಯುವುದು ಕೆಸರಿನಡಿ ಹೂತ ಭಾಗ, ಮತ್ತು ಲೋಹ, ಮಡಕೆ, ಕಲ್ಲು. ಅಂದರೆ ತಾಮ್ರದ ತಗಡನ್ನು ಕಿತ್ತರೆ ಹಡಗಿನ ಕೊನೆಯ ಸಾಕ್ಷಿಯನ್ನೇ ಕಿತ್ತಂತೆ.

ಗುಜರಿಗಾಗಿ ಹಡಗು ಕೀಳುವುದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇಂಡೋನೇಷ್ಯಾದ ಜಾವಾ ಸಮುದ್ರ ನೋಡಿ. 1942ರ ಫೆಬ್ರವರಿಯಲ್ಲಿ ಅಲ್ಲಿ ಮುಳುಗಿದ ಡಚ್ ಯುದ್ಧನೌಕೆಗಳನ್ನು ನೋಡಲು 2016ರಲ್ಲಿ ತಂಡ ಇಳಿದಾಗ ಎರಡು ಹಡಗುಗಳ ಜಾಗದಲ್ಲಿ ತಳದ ಮೇಲೆ ಅಚ್ಚು ಮಾತ್ರ ಇತ್ತು, ಹಡಗು ಇರಲಿಲ್ಲ. ಅವು ನೂರಾರು ನಾವಿಕರ ಸಮಾಧಿಗಳಾಗಿದ್ದವು. ಶ್ರೀಲಂಕಾದ ಪೂರ್ವ ಕರಾವಳಿಯಾಚೆ, 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳ ದಾಳಿಗೆ ಮುಳುಗಿದ ಎಚ್‌ಎಂಎಸ್ ಹರ್ಮೀಸ್ ಎಂಬ ವಿಮಾನವಾಹಕ ನೌಕೆ 50 ಮೀಟರಿಗೂ ಆಳದಲ್ಲಿದೆ. ಅದರ ಮೇಲೆ ಕೆಲಸ ಮಾಡಿದ ನಮ್ಮ ತಂಡ ಒಂದು ಮೊಳೆಯನ್ನೂ ಮೇಲೆ ತರಲಿಲ್ಲ. ನಮ್ಮದೇ ಐಎನ್‌ಎಸ್ ಖುಕ್ರಿ 1971ರ ಡಿಸೆಂಬರ್ 9ರಂದು ದಿಯು ಆಚೆ 18 ಅಧಿಕಾರಿಗಳು, 176 ನಾವಿಕರೊಂದಿಗೆ ಮುಳುಗಿತು. ಅದರ ತಗಡು ತೂಕಕ್ಕೆ ಬಂದರೆ ನಮಗೆ ಹೇಗಾದೀತು? ವ್ಯಾಪಾರಿ ಹಡಗಿನಲ್ಲಿ ಸತ್ತವರಿಗೆ ಸಮವಸ್ತ್ರ ಇರಲಿಲ್ಲ ಎಂಬಷ್ಟೇ ವ್ಯತ್ಯಾಸ. ಮುಂಬೈಯಿಂದ ಆಫ್ರಿಕಾ ಕಡೆ ಹೊರಟಿದ್ದ ಎಸ್‌ಎಸ್ ತಿಲಾವಾ 1942ರ ನವೆಂಬರಿನಲ್ಲಿ ಜಪಾನಿ ಜಲಾಂತರ್ಗಾಮಿಯ ಏಟಿಗೆ ಮುಳುಗಿ 280 ಮಂದಿ ಸತ್ತರು. 2017ರಲ್ಲಿ ಎರಡೂವರೆ ಕಿಲೋಮೀಟರ್ ಆಳದಿಂದ ಅದರ ಬೆಳ್ಳಿ ಗಟ್ಟಿಗಳನ್ನು ಮೇಲೆತ್ತಿದರು. ಆ ಬೆಳ್ಳಿಯ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ನಡೆಯಿತು. ಅಲ್ಲಿ ಸತ್ತವರಿಗಾಗಿ ಅಷ್ಟು ಆಳಕ್ಕೆ ಯಾರೂ ಇಳಿದಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು. ಸಮುದ್ರದಲ್ಲಿ ಸಿಕ್ಕ ಹಡಗಿನ ಭಾಗವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ನೌಕಾಯಾನ ಕಾನೂನಿನಲ್ಲಿ ಹಿಂದಿನಿಂದಲೂ ಇದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣೆಯಲ್ಲಿ 2001ರಲ್ಲಿ ನೀರಿನಡಿಯ ಪುರಾತತ್ವಕ್ಕೆಂದೇ ಒಂದು ವಿಭಾಗ ತೆರೆದು, ನೌಕಾಪಡೆಯ ಜೊತೆ ಲಕ್ಷದ್ವೀಪದ ಬಂಗಾರಂ ಬಳಿ ಹಡಗಿನ ಅವಶೇಷವನ್ನು ಶೋಧಿಸಲಾಯಿತು. ಅದೇ ವರ್ಷ ಯುನೆಸ್ಕೋ ನೀರಿನಡಿಯ ಪರಂಪರೆಯ ರಕ್ಷಣೆಗೆ ಒಪ್ಪಂದ ತಂದಿತು. ವಸ್ತುವನ್ನು ಇದ್ದಲ್ಲೇ ಕಾಪಾಡುವುದೇ ಮೊದಲ ಆಯ್ಕೆ ಎಂಬುದು, ವ್ಯಾಪಾರಕ್ಕೆ ಬಳಸಬಾರದು ಎಂಬುದು ಅದರ ಮುಖ್ಯ ತತ್ವಗಳು. ದ್ವಾರಕೆಯ ಸಮುದ್ರದಡಿ ಶೋಧ ನಡೆಸಿ ಈ ವಿದ್ಯೆಯನ್ನು ದೇಶದಲ್ಲಿ ಬೆಳೆಸಿದ ಎಸ್. ಆರ್. ರಾವ್ ಕನ್ನಡ ನಾಡಿನವರು. ಇಷ್ಟಿದ್ದೂ ಗುಜರಿ ಲಾರಿ ಅರಬೈಲು ಘಟ್ಟ ಹತ್ತುವಾಗ ಅದನ್ನು ನಿಲ್ಲಿಸಿ ಕೇಳಬೇಕಾದವನ ಕೈಯಲ್ಲಿ ಒಂದು ಪಟ್ಟಿ ಇಲ್ಲ. ಯಾವ ಹಡಗು, ಎಲ್ಲಿ, ಏನು ಉಳಿದಿದೆ ಎಂದು ಬರೆದಿಡದೆ ಏನು ಕಳುವಾಯಿತು ಎಂದು ಹೇಳುವುದು ಹೇಗೆ? ನನ್ನ ದೂರು ಇಷ್ಟೇ.

ಆದ್ದರಿಂದ ನನ್ನ ಮೊದಲ ಬೇಡಿಕೆ, ಆ ಪಟ್ಟಿ. ಕಾರವಾರದಿಂದ ಮಂಗಳೂರಿನವರೆಗೆ ಮುಳುಗಿದ ಹಡಗುಗಳ ದಾಖಲೆಯನ್ನು ಇಲಾಖೆಯ ಹೊಣೆಯಲ್ಲಿ, ವಿಶ್ವವಿದ್ಯಾಲಯದ ಮನೆಯಲ್ಲಿ ಆರಂಭಿಸಿ. ಕಾಗದದ ಹುಡುಕಾಟಕ್ಕೆ ಕನ್ನಡ ಸಂಶೋಧನಾ ಸಂಸ್ಥೆಯೂ ಇತಿಹಾಸ ವಿಭಾಗವೂ ಇವೆ. ಸಮುದ್ರದ ಕಡೆಗೆ ಕಾರವಾರದ ಕೋಡಿಬಾಗದಲ್ಲಿ ನಿಮ್ಮದೇ ಸಾಗರ ಜೀವವಿಜ್ಞಾನ ವಿಭಾಗವಿದೆ. ಈ ಎರಡು ಕೈಗಳು ಒಂದೇ ಮೈಯವು, ಇನ್ನೂ ಒಂದನ್ನೊಂದು ಹಿಡಿಯಬೇಕಿದೆ. ದೊಡ್ಡ ಕಟ್ಟಡ, ಹಡಗು, ಯಂತ್ರ ಯಾವುದನ್ನೂ ನಾನು ಕೇಳುತ್ತಿಲ್ಲ. ಇಬ್ಬರು ಸಂಶೋಧಕರು, ಒಂದು ಕೋಣೆ, ಜಾಗದ ಗುರುತುಗಳನ್ನು ಹೊರಗೆ ಬಿಡದ ಶಿಸ್ತು ಇದ್ದರೆ ಶುರುಮಾಡಬಹುದು. ಗುರುತು ಹೊರಬಿದ್ದ ಹಡಗನ್ನು ಗುಜರಿಯವರು ಮೊದಲು ಮುಟ್ಟುತ್ತಾರೆ, ನಾವು ಆಮೇಲೆ.

ಎರಡನೆಯದನ್ನು ಹೆಚ್ಚು ಒತ್ತಿ ಹೇಳುತ್ತೇನೆ. ತಳದಲ್ಲಿ ಏನಿದೆ ಎಂದು ಚೆನ್ನಾಗಿ ಬಲ್ಲವರು ಮೀನುಗಾರರು. ಬಲೆ ಪದೇ ಪದೇ ಸಿಕ್ಕಿ ಹರಿಯುವ ಜಾಗಗಳ ಗುರುತು ಪ್ರತಿ ತಾಂಡೇಲನ, ಅಂದರೆ ಬೋಟು ನಡೆಸುವವನ, ಜಿಪಿಎಸ್‌ನಲ್ಲಿ ಇರುತ್ತದೆ. ಅದರಲ್ಲಿ ಕೆಲವು ಬಂಡೆ, ಕೆಲವು ಹಡಗು. ಶ್ರೀಲಂಕಾದ ಗೊಡವಾಯ ಬಳಿ ಎರಡು ಸಾವಿರ ವರ್ಷಗಳಷ್ಟು ಹಳೆಯ ಹಡಗನ್ನು 2003ರಲ್ಲಿ ಕಂಡವರು ಶಂಖ ಹೆಕ್ಕಲು ಇಳಿದ ಸ್ಥಳೀಯರು. ಹಿಂದೂ ಮಹಾಸಾಗರದಲ್ಲಿ ಈವರೆಗೆ ತಿಳಿದ ಅತಿ ಹಳೆಯ ಹಡಗು ಅದು. ಟರ್ಕಿಯ ಉಲುಬುರುನ್ ಹಡಗನ್ನು 1982ರಲ್ಲಿ ಕಂಡವನು ಸ್ಪಂಜು ತೆಗೆಯುವ ಮುಳುಗುಗಾರ. ಅವನ ಒಂದು ಮಾತಿನ ಬೆನ್ನು ಹತ್ತಿ ಪುರಾತತ್ವಜ್ಞರು 1984ರಿಂದ 1994ರವರೆಗೆ 22,000ಕ್ಕೂ ಹೆಚ್ಚು ಸಲ ಇಳಿದರು. ನಮ್ಮ ಖಾರ್ವಿ, ಹರಿಕಂತ್ರ, ಮೊಗೇರ ಸಮುದಾಯದವರು ಹೇಳುವುದನ್ನು ಕೇಳಲು ಯಾರೂ ಹೋಗಿಲ್ಲ. ಹೇಳಲು ಅವರಿಗೆ ಭಯವೂ ಇದೆ. ಬಲೆಯಲ್ಲಿ ಹಳೆಯ ಲಂಗರೋ ಮಡಕೆಯೋ ಬಂದರೆ ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂದು ಮತ್ತೆ ನೀರಿಗೆ ಎಸೆಯುತ್ತಾರೆ, ಇಲ್ಲವೇ ಗುಜರಿಗೆ ಹಾಕುತ್ತಾರೆ. ಸುದ್ದಿ ಕೊಟ್ಟವರನ್ನು ಆರೋಪಿಯಂತೆ ಕಾಣುವುದಿಲ್ಲ ಎಂದು ಇಲಾಖೆ ಬರಹದಲ್ಲಿ ಭರವಸೆ ಕೊಡಲಿ. ಹಡಗಿಗೆ ಸಿಕ್ಕಿ ಹರಿದ ಬಲೆಗೆ ಸಣ್ಣ ಪರಿಹಾರ ಇರಲಿ. ಅವರ ಹೆಸರು ದಾಖಲೆಯಲ್ಲಿ ಶೋಧಕರೆಂದೇ ಸೇರಲಿ.

ಈ ಕೆಲಸ ಹಳೆಯ ಹಡಗುಗಳಿಗೆ ಮಾತ್ರ ಉಪಯೋಗದ್ದೆಂದು ತಿಳಿಯಬೇಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಉತ್ತರ ಕನ್ನಡದವರೂ ಇದ್ದರು. 2019ರ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ ಆಚೆ ಅದರ ಅವಶೇಷ ಪತ್ತೆಮಾಡುವವರೆಗೆ ಆ ಮನೆಯವರಿಗೆ ಕಾಯುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ತಳದ ನಕ್ಷೆ ಚೆನ್ನಾಗಿದ್ದರೆ ಹೊಸದಾಗಿ ಬಿದ್ದದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಸೋನಾರ್ ಚಿತ್ರದಲ್ಲಿ ಬೇಗ ಬೇರ್ಪಡಿಸಬಹುದು. ಮುಳುಗಿದ ಹಡಗುಗಳ ಮೇಲೆ ಕೆಲಸ ಮಾಡಿದವನಾಗಿ ಇದನ್ನು ಹೇಳುತ್ತಿದ್ದೇನೆ.

ಮೂರನೆಯದು ಚಿಕ್ಕದು. ಇತಿಹಾಸದ ಕೆಲವು ವಿದ್ಯಾರ್ಥಿಗಳಿಗೆ ಡೈವಿಂಗ್ ಕಲಿಸಿ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲಿ ಪ್ರವಾಸಿಗರಿಗೇ ಅದನ್ನು ಕಲಿಸುತ್ತಾರೆ. ಗದಗ, ಹಾವೇರಿಯ ಬಾವಿಯಲ್ಲಿ ಈಜು ಕಲಿತ ಹುಡುಗ ಹುಡುಗಿಯರಿಗೆ ಅದು ಕಷ್ಟವಲ್ಲ. ಆಳಕ್ಕೆ ಹೋಗುವುದು ಆಮೇಲಿನ ಮಾತು, ಮೊದಲು ಹದಿನೈದು ಮೀಟರಿನಲ್ಲಿ ಸ್ಲೇಟು ಹಿಡಿದು ಸರಿಯಾಗಿ ಅಳೆಯಲಿ. ಹಾಗೆಯೇ ಹುಬ್ಬಳ್ಳಿ, ಕಾರವಾರದ ಗುಜರಿ ವ್ಯಾಪಾರಿಗಳಿಗೆ ಚಿತ್ರಗಳಿರುವ ಒಂದು ಹಾಳೆ ಹಂಚಿ. ಮೊಳೆ ತೂತಿನ ತಾಮ್ರದ ತಗಡು, ಹಳೆಯ ಲಂಗರು, ಫಿರಂಗಿ ಬಂದರೆ ತೂಕ ಹಾಕುವ ಮುನ್ನ ಯಾರಿಗೆ ಕರೆ ಮಾಡಬೇಕೆಂದು ಅದರಲ್ಲಿ ಬರೆದಿರಲಿ. ನಾನು ಮಾತಾಡಿಸಿದ ವ್ಯಾಪಾರಿಗಳಲ್ಲಿ ಬಹಳ ಜನ ಕರೆ ಮಾಡಲು ಸಿದ್ಧರಿದ್ದಾರೆ. ಕರೆ ಮಾಡಲು ಒಂದು ನಂಬರ್ ಬೇಕು, ಅಷ್ಟೇ.

ಇನ್ನು ನನ್ನ ಪಾಲು. ನನ್ನ ಡೈವಿಂಗ್ ದಿನಚರಿಗಳು, ನಮ್ಮ ಕರಾವಳಿಯಲ್ಲಿ ನಾನು ತೆಗೆದ ಚಿತ್ರಗಳು, ಅಳತೆಗಳು, ಕೈಯಲ್ಲಿ ಬರೆದ ನಕ್ಷೆಗಳು ನನ್ನ ಮನೆಯ ಟ್ರಂಕಿನಲ್ಲಿ, ಕೆಲವು ಹಾರ್ಡ್ ಡಿಸ್ಕುಗಳಲ್ಲಿ ಇವೆ. ಡಿಸ್ಕುಗಳ ಆಯುಸ್ಸು ಹೆಚ್ಚಲ್ಲ, ನನ್ನದೂ ಮುಗಿಯದ್ದೇನಲ್ಲ. ಅಷ್ಟನ್ನೂ ಒಂದು ರೂಪಾಯಿ ಕೇಳದೆ ಕೊಡುತ್ತೇನೆ. ಜಾಗದ ಗುರುತು ಗುಟ್ಟಾಗಿ ಇರಬೇಕು, ಉಳಿದದ್ದು ಯಾವ ವಿದ್ಯಾರ್ಥಿ ಕೇಳಿದರೂ ಸಿಗಬೇಕು. ನನ್ನ ಷರತ್ತು ಇದೊಂದೇ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ತಾಂಡೇಲರು ದಡದಲ್ಲಿ ಬಲೆ ನೇಯುತ್ತ ಕೂತಿರುತ್ತಾರೆ, ಮಾತಾಡಲು ಪುರಸೊತ್ತು ಇರುತ್ತದೆ. ಮುಂದಿನ ಆ ಎರಡು ತಿಂಗಳಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಅವರ ಬಳಿ ಕೂತು ಬಲೆ ಸಿಕ್ಕುವ ಜಾಗಗಳನ್ನು ಬರೆದುಕೊಳ್ಳಲು ಇಬ್ಬರು ವಿದ್ಯಾರ್ಥಿಗಳನ್ನು ಕಳಿಸಿ. ಜೊತೆಗೆ ನಾನು ಬರುತ್ತೇನೆ. ಅದಕ್ಕೂ ಮೊದಲು ಧಾರವಾಡದಲ್ಲಿ ನಿಮ್ಮಿಬ್ಬರ ಕಡೆಯವರು ಒಂದು ಸಲ ಒಟ್ಟಿಗೆ ಕೂತು, ಈ ದಾಖಲೆಯ ಹೊಣೆ ಯಾರದ್ದು ಎಂಬುದನ್ನು ತೀರ್ಮಾನಿಸಿ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಳುಗಿದ ಹಡಗುಗಳನ್ನು ದಾಖಲಿಸುವ ಒಬ್ಬ ಡೈವರ್
ಹುಬ್ಬಳ್ಳಿ